ಉಬ್ಬುಮೈಯ ಬಣ್ಣದ ಗಾಜಿನ ಹೂದಾನಿಗಳ ಮೂಲನಿರ್ಣಯ

ಉಬ್ಬುಮೈಯ ಬಣ್ಣದ ಗಾಜಿನ ಹೂದಾನಿಗಳ ಮೂಲನಿರ್ಣಯ ಎಂದರೆ, ಹೊರಮೈಯಲ್ಲಿ ಮರದ ತೊಗಟೆ, ವಜ್ರಾಕೃತಿ, ಗುಳ್ಳೆ, ಬಿರುಕು ಮೊದಲಾದ ಉಬ್ಬುತಗ್ಗುಗಳನ್ನು ಹೊಂದಿರುವ ವರ್ಣಗಾಜಿನ ಹೂದಾನಿಯನ್ನು ಯಾವ ದೇಶದ ಯಾವ ಕಾರ್ಖಾನೆ ಸುಮಾರು ಯಾವ ಕಾಲದಲ್ಲಿ ತಯಾರಿಸಿತು ಎಂಬುದನ್ನು ಆಧಾರಸಹಿತವಾಗಿ ತೀರ್ಮಾನಿಸುವ ಕ್ರಮ. ಅಚ್ಚಿನ ಗೆರೆ, ತಳದ ಸ್ವರೂಪ, ಬಾಯಿಯಂಚು, ಬಣ್ಣ, ತೂಕ, ಗುರುತುಗಳು ಹಾಗೂ ಕಾರ್ಖಾನೆಗಳ ಮುದ್ರಿತ ಬೆಲೆಪಟ್ಟಿಗಳು ಇದಕ್ಕೆ ಬಳಕೆಯಾಗುವ ಮುಖ್ಯ ಸಾಧನಗಳು. ಇಂತಹ ಹೂದಾನಿಗಳಲ್ಲಿ ಹೆಚ್ಚಿನವುಗಳ ಮೇಲೆ ತಯಾರಕರ ಹೆಸರು ಇರುವುದಿಲ್ಲ. ಆದ್ದರಿಂದ ಒಂದೇ ಲಕ್ಷಣವನ್ನು ನೆಚ್ಚಿ ಹೆಸರು ಕೊಡುವುದು ಸಾಮಾನ್ಯವಾಗಿ ತಪ್ಪು ನಿರ್ಣಯಕ್ಕೆ ಎಡೆಮಾಡುತ್ತದೆ.

ಹಿನ್ನೆಲೆ

ಕೊಡಗು 1834ರಲ್ಲಿ ಬ್ರಿಟಿಷರ ಆಡಳಿತಕ್ಕೆ ಒಳಪಟ್ಟಿತು. ಆ ಶತಮಾನದ ಉತ್ತರಾರ್ಧದಲ್ಲಿ ಕಾಫಿ ತೋಟಗಳು ವಿಸ್ತರಿಸಿದಂತೆ ಐರೋಪ್ಯ ತೋಟಗಾರರ ಬಂಗಲೆಗಳೂ ಹೆಚ್ಚಿದವು. ಮಡಿಕೇರಿ–ಸೋಮವಾರಪೇಟೆ ರಸ್ತೆಯಲ್ಲಿರುವ, ಸೋಮವಾರಪೇಟೆ ತಾಲ್ಲೂಕಿನ ಮಾದಾಪುರದಂತಹ ಊರುಗಳ ಸುತ್ತಲಿನ ತೋಟದ ಮನೆಗಳಲ್ಲಿ ಗಾಜಿನ ಹೂದಾನಿ ಅಪರೂಪದ ವಸ್ತುವಲ್ಲ. ಅದು ಮನೆಗೆ ಬಂದಿರಬಹುದಾದ ದಾರಿಗಳು ಮಾತ್ರ ಹಲವು. ಊರಿಗೆ ಮರಳುವ ತೋಟಗಾರರು ಸಾಮಾನುಗಳನ್ನು ಮಾರಿರಬಹುದು ಇಲ್ಲವೆ ಕೊಟ್ಟುಹೋಗಿರಬಹುದು. ಸೈನ್ಯದಲ್ಲಿದ್ದ ಬಂಧುಗಳು ಬೇರೆ ಬೇರೆ ನಗರಗಳಿಂದ ತಂದಿರಬಹುದು. ಮೈಸೂರು, ಮಂಗಳೂರು, ಬೆಂಗಳೂರುಗಳ ಅಂಗಡಿಯಲ್ಲಿ ಮದುವೆಯ ಉಡುಗೊರೆಗಾಗಿ ಕೊಂಡದ್ದಿರಬಹುದು. ವಿದೇಶದಲ್ಲಿ ನೆಲೆಸಿದ ಮಕ್ಕಳು ತೀರ ಇತ್ತೀಚೆಗೆ ತಂದದ್ದೂ ಇರಬಹುದು.

ಇವೆಲ್ಲವೂ ಕೆಲವು ದಶಕಗಳ ಬಳಿಕ ಒಂದೇ ಕಪಾಟಿನಲ್ಲಿ ಸೇರಿ, 'ದೊರೆಗಳ ಕಾಲದ್ದು' ಎಂಬ ಒಂದೇ ಮಾತಿನಲ್ಲಿ ಅಡಗುತ್ತವೆ. ಈ ಮಾತು ನಿರಾಧಾರವೆಂದು ತಳ್ಳಿಹಾಕತಕ್ಕದ್ದಲ್ಲ. ಆದರೆ ಅದು ವಸ್ತು ಮನೆಗೆ ಬಂದ ಬಗೆಯನ್ನು ತಿಳಿಸುತ್ತದೆಯೇ ಹೊರತು ತಯಾರಾದ ಸ್ಥಳವನ್ನಲ್ಲ. ಇಂಗ್ಲೆಂಡಿನವರ ಮನೆಯಲ್ಲಿದ್ದ ಹೂದಾನಿ ಬೊಹೀಮಿಯದ್ದಾಗಿರಬಹುದು. ಮಂಗಳೂರಿನಲ್ಲಿ ಕೊಂಡದ್ದು ಉತ್ತರ ಪ್ರದೇಶದ್ದಾಗಿರಬಹುದು.

ಕರ್ನಾಟಕದಲ್ಲಿ ಗಾಜಿನ ಕೆಲಸ ಇರಲೇ ಇಲ್ಲವೆಂಬುದು ಸರಿಯಲ್ಲ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್, ಇಂದಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಗಾಜು ಕರಗಿಸಿ ಬಣ್ಣದ ಬಳೆಗಳನ್ನು ಮಾಡುತ್ತಿದ್ದುದನ್ನು ವಿವರವಾಗಿ ದಾಖಲಿಸಿದ್ದಾನೆ. ಆದರೆ ಅದು ಬಳೆಯ ಕೆಲಸ. ಕೊಳವೆಯಿಂದ ಊದಿ ಅಥವಾ ಲೋಹದ ಅಚ್ಚಿನಲ್ಲಿ ಒತ್ತಿ ಹೂದಾನಿ ಮಾಡುವ ವಿಧಾನ ಬೇರೆಯದು.

ಮೂಲನಿರ್ಣಯದ ಅಗತ್ಯ

ಹೂದಾನಿಯ ಮೂಲ ಕೇವಲ ಕುತೂಹಲದ ವಿಷಯವಲ್ಲ. ಮೊದಲನೆಯದಾಗಿ ಬೆಲೆ. ತಯಾರಕರ ಹೆಸರು ಖಚಿತವಾದಾಗ ಬೆಲೆ ಹಲವು ಪಟ್ಟು ಏರುವುದುಂಟು. ಹೆಸರು ಸುಳ್ಳಾದಾಗ ಕೊಂಡವರಿಗೆ ಅಷ್ಟೇ ನಷ್ಟ. ಮೂಲ ಅರಿಯದೆ ಬೆಲೆಬಾಳುವ ವಸ್ತುವನ್ನು ಹಳೆಯ ಸಾಮಾನಿನವರಿಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಡುವ ಪ್ರಸಂಗವೂ ಇದೆ.

ಎರಡನೆಯದು ಕಾನೂನು. ಭಾರತದ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಅಧಿನಿಯಮದ ಪ್ರಕಾರ ನೂರು ವರ್ಷಕ್ಕಿಂತ ಕಡಿಮೆಯಿಲ್ಲದ ಕಾಲದಿಂದ ಇರುವ ಕಲಾಕೃತಿ ಅಥವಾ ಕುಶಲಕೃತಿಯು ಪ್ರಾಚ್ಯವಸ್ತುವಿನ ವ್ಯಾಖ್ಯೆಯೊಳಗೆ ಬರುತ್ತದೆ. ಅಂತಹ ವಸ್ತುವನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಜ್ಜಿಯ ಮನೆಯ ಹೂದಾನಿಯನ್ನು ವಿದೇಶದಲ್ಲಿರುವ ಮೊಮ್ಮಕ್ಕಳು ಕೊಂಡೊಯ್ಯಬಯಸಿದಾಗ ಅದು 1890ರದ್ದೋ 1970ರದ್ದೋ ಎಂಬ ಪ್ರಶ್ನೆ ಹೀಗೆ ಕಾನೂನಿನ ಪ್ರಶ್ನೆಯೂ ಆಗುತ್ತದೆ. ಸಂಶಯವಿದ್ದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ತಜ್ಞರ ಸಮಿತಿಯಿಂದ, ವಸ್ತು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಇದೆ.

ಮೂರನೆಯದನ್ನು ಮಾದಾಪುರದ ಸುತ್ತಮುತ್ತ ವಿವರಿಸಿ ಹೇಳಬೇಕಾಗಿಲ್ಲ. 2018ರ ಆಗಸ್ಟ್ ತಿಂಗಳ ಅತಿವೃಷ್ಟಿ ಮತ್ತು ಭೂಕುಸಿತಗಳಿಗೆ ತುತ್ತಾದ ಪ್ರದೇಶಗಳಲ್ಲಿ ಇದೂ ಒಂದು. ಮನೆಯೊಂದಿಗೆ ಛಾಯಾಚಿತ್ರ, ರಸೀದಿ, ಪತ್ರಗಳು ನಾಶವಾದಲ್ಲಿ ವಸ್ತುವಿನ ಇತಿಹಾಸಕ್ಕೆ ವಸ್ತುವೇ ಸಾಕ್ಷಿಯಾಗಿ ಉಳಿಯುತ್ತದೆ.

ಉಬ್ಬುಮೈ ರೂಪುಗೊಳ್ಳುವ ಬಗೆ

ಪರೀಕ್ಷೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಹೂದಾನಿ ಎಲ್ಲಿಯದು ಎಂಬುದಲ್ಲ, ಹೇಗೆ ಮಾಡಿದ್ದು ಎಂಬುದು. ಅಚ್ಚಿನಲ್ಲಿ ಊದಿದ ಗಾಜು ಮತ್ತು ಅಚ್ಚಿನಲ್ಲಿ ಒತ್ತಿದ ಗಾಜು ದೂರದಿಂದ ಒಂದೇ ತೆರನಾಗಿ ಕಾಣುತ್ತವೆ. ಒಳಗೆ ಬೆರಳಾಡಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಊದುವಾಗ ಗಾಳಿಯ ಒತ್ತಡ ಮೆತ್ತನೆಯ ಗಾಜನ್ನು ಅಚ್ಚಿನ ಗೋಡೆಗೆ ತಳ್ಳುವುದರಿಂದ ಹೊರಗಿನ ಉಬ್ಬಿಗೆ ತಕ್ಕಂತೆ ಒಳಗೂ ನವಿರಾದ ತಗ್ಗು ಮೂಡುತ್ತದೆ. ಒತ್ತುಗಾಜಿನಲ್ಲಿ ಒಳಮೈಯನ್ನು ರೂಪಿಸುವುದು ಮೇಲಿನಿಂದ ಇಳಿಯುವ ಲೋಹದ ಒತ್ತುಗುಂಡು. ಆದ್ದರಿಂದ ಹೊರಗೆ ಎಷ್ಟೇ ಒರಟಾಗಿದ್ದರೂ ಒಳಗೆ ನುಣುಪು.

ಒತ್ತುಗುಂಡು ಮತ್ತೆ ಹೊರಬರಬೇಕಾದುದರಿಂದ ಒತ್ತುಗಾಜಿನ ಹೂದಾನಿಯ ಒಳಭಾಗ ಬಾಯಿಗಿಂತ ಅಗಲವಾಗಿರಲಾರದು. ಕತ್ತು ಕಿರಿದಾಗಿ ಹೊಟ್ಟೆ ಅಗಲವಾಗಿದ್ದರೆ ಅದನ್ನು ಊದಿರಬೇಕು, ಇಲ್ಲವೆ ಒತ್ತಿದ ಬಳಿಕ ಬಿಸಿಯಿರುವಾಗಲೇ ಬಾಯಿಯನ್ನು ತಿದ್ದಿರಬೇಕು. ಈ ಒಂದು ಪರೀಕ್ಷೆಗೆ ಯಾವ ಉಪಕರಣವೂ ಬೇಡ, ಮತ್ತು ಇದು ಅರ್ಧದಷ್ಟು ಊಹೆಗಳನ್ನು ಆರಂಭದಲ್ಲೇ ತೊಡೆದುಹಾಕುತ್ತದೆ.

ಅಚ್ಚಿನ ಎರಡು ಅಥವಾ ಹೆಚ್ಚು ಹೋಳುಗಳು ಕೂಡುವೆಡೆ ಲಂಬವಾದ ಗೆರೆ ಉಳಿಯುತ್ತದೆ. ಉಬ್ಬುಮೈಯ ಗಾಜಿನಲ್ಲಿ ಈ ಗೆರೆಯನ್ನು ವಿನ್ಯಾಸದೊಳಗೇ ಮರೆಮಾಡಿರುತ್ತಾರೆ. ಓರೆಯಾಗಿ ಬೀಳುವ ಬೆಳಕಿನಲ್ಲಿ ಹೂದಾನಿಯನ್ನು ನಿಧಾನವಾಗಿ ತಿರುಗಿಸಿದಾಗ ಕಾಣಿಸುತ್ತದೆ. ಗೆರೆ ಇರುವುದು ಕೀಳು ದರ್ಜೆಯ ಕುರುಹಲ್ಲ. ಹೆಸರಾಂತ ವಿನ್ಯಾಸಕಾರರ ಕೃತಿಗಳಲ್ಲೂ ಅದಿದೆ.

ಅಚ್ಚಿನ ನೆರವಿಲ್ಲದೆಯೂ ಮೈ ಒರಟಾಗಬಹುದು. ಬಿಸಿ ಗಾಜನ್ನು ಕ್ಷಣಕಾಲ ತಣ್ಣೀರಿನಲ್ಲಿ ಅದ್ದಿ ಮತ್ತೆ ಕಾಯಿಸಿದರೆ ಬಿರುಕುಗಾಜು ಆಗುತ್ತದೆ. ಕರಗಿದ ಗಾಜನ್ನು ಗಾಜಿನ ಪುಡಿಯ ಮೇಲೆ ಉರುಳಿಸಿದರೆ ಸಕ್ಕರೆ ಅಂಟಿದಂತಹ ಮೈ ಬರುತ್ತದೆ. ಆಮ್ಲದಿಂದ ಅಥವಾ ಮರಳು ಸಿಡಿಸುವುದರಿಂದ ಮಂಜು ಕವಿದಂತಹ ಮೈ ಬರುತ್ತದೆ. ಇವು ಹಲವು ದೇಶಗಳಲ್ಲಿ ಬಳಕೆಯಲ್ಲಿದ್ದ ವಿಧಾನಗಳಾದುದರಿಂದ ಮೂಲಸ್ಥಾನಕ್ಕೆ ಹೆಚ್ಚಿನ ಸುಳಿವು ಕೊಡುವುದಿಲ್ಲ. ಅಚ್ಚಿನ ವಿನ್ಯಾಸ ಹಾಗಲ್ಲ. ಅಚ್ಚು ದುಬಾರಿ ವಸ್ತು. ಅದು ಒಂದು ಕಾರ್ಖಾನೆಯ ಸೊತ್ತಾಗಿರುತ್ತದೆ. ತೊಗಟೆಯ ಒಂದು ಗಂಟು ಒಂದೇ ಅಚ್ಚಿನಿಂದ ಬಂದ ಎಲ್ಲ ಹೂದಾನಿಗಳಲ್ಲೂ ಅದೇ ಜಾಗದಲ್ಲಿರುತ್ತದೆ. 'ತೊಗಟೆಯಂತಿದೆ' ಎಂಬ ಹೋಲಿಕೆ ಸಾಲದು, ಗಂಟಿಗೆ ಗಂಟು ಹೊಂದಬೇಕು.

ತಳ ಮತ್ತು ಬಾಯಿಯಂಚು

ಅನುಭವಿಗಳು ಹೂದಾನಿಯನ್ನು ಮೊದಲು ತಲೆಕೆಳಗೆ ಮಾಡಿ ನೋಡುತ್ತಾರೆ. ಊದಿದ ಗಾಜಿನ ಬಾಯಿಯನ್ನು ತಿದ್ದುವಾಗ ತಳವನ್ನು ಪಾಂಟಿಲ್ ಎಂಬ ಕಬ್ಬಿಣದ ಸರಳಿಗೆ ತಾತ್ಕಾಲಿಕವಾಗಿ ಅಂಟಿಸುವ ಪದ್ಧತಿಯಿದೆ. ಸರಳನ್ನು ಮುರಿದು ಬಿಡಿಸಿದಾಗ ತಳದ ನಡುವೆ ಒರಟು ಗಾಯ ಉಳಿಯುತ್ತದೆ. ಕೆಲವರು ಅದನ್ನು ಹಾಗೆಯೇ ಬಿಡುತ್ತಾರೆ, ಕೆಲವರು ಉಜ್ಜಿ ನಾಣ್ಯದಗಲದ ನುಣುಪಾದ ಕುಳಿಯಾಗಿಸುತ್ತಾರೆ, ಇನ್ನು ಕೆಲವರು ಇಡೀ ತಳವನ್ನೇ ಸಪಾಟಾಗಿ ಉಜ್ಜುತ್ತಾರೆ. ಒಂದೇ ಕಾರ್ಖಾನೆಯ ಒಂದು ಕಾಲದ ಮಾಲಿನಲ್ಲಿ ಈ ಕ್ರಮ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಇದು ಒಳ್ಳೆಯ ಸಾಕ್ಷ್ಯ. ಪಾಂಟಿಲ್ ಗುರುತು ಇದ್ದ ಮಾತ್ರಕ್ಕೆ ವಸ್ತು ಪ್ರಾಚೀನವೆಂಬ ಜನಜನಿತ ನಂಬಿಕೆ ಮಾತ್ರ ತಪ್ಪು. ಇಂದಿಗೂ ಕೈಯಿಂದ ಊದುವವರು ಅದನ್ನು ಬಳಸುತ್ತಾರೆ.

ಬಾಯಿಯಂಚು ಬೆಂಕಿಯಲ್ಲಿ ಕರಗಿಸಿ ದುಂಡಗೆ ಮಾಡಿದ್ದೋ, ಕತ್ತರಿಸಿ ಉಜ್ಜಿ ಚಪ್ಪಟೆ ಮಾಡಿದ್ದೋ ಎಂಬುದನ್ನೂ ನೋಡಬೇಕು.

ಬಣ್ಣ

ಗಾಜಿನ ಬಣ್ಣ ಲೋಹಗಳಿಂದ ಬರುತ್ತದೆ. ಕೋಬಾಲ್ಟ್ ಕಡುನೀಲಿಯನ್ನೂ, ಕ್ರೋಮಿಯಂ ಮತ್ತು ಕಬ್ಬಿಣ ಹಸಿರನ್ನೂ, ಮ್ಯಾಂಗನೀಸ್ ನೇರಳೆಯನ್ನೂ, ಚಿನ್ನ ಮಾಣಿಕ್ಯಗೆಂಪನ್ನೂ ಕೊಡುತ್ತವೆ. ಇವುಗಳಲ್ಲಿ ಯಾವುದೂ ಒಂದು ದೇಶದ ಸ್ವತ್ತಲ್ಲ. ಆದರೂ ಬಣ್ಣ ಕೆಲವೊಮ್ಮೆ ಕಾಲದ ಮಿತಿಯನ್ನು ಸೂಚಿಸುತ್ತದೆ. ಕಣ್ಣು ಕುಕ್ಕುವ ಕಿತ್ತಳೆ ಮತ್ತು ಕೆಂಪು ಬಣ್ಣಗಳಿಗೆ ಕ್ಯಾಡ್ಮಿಯಂ–ಸೆಲೆನಿಯಂ ಬಳಕೆ ವ್ಯಾಪಕವಾದುದು 20ನೆಯ ಶತಮಾನದಲ್ಲಿ. ಇಂತಹ ಹೂದಾನಿಯನ್ನು ಕೊಡಗಿನ ಮೊದಲ ಕಾಫಿ ತೋಟಗಾರರ ಕಾಲಕ್ಕೆ ಒಯ್ಯುವ ಕಥೆ ನಿಲ್ಲುವುದು ಕಷ್ಟ.

ಯುರೇನಿಯಂ ಬೆರೆತ ಹಳದಿ-ಹಸಿರು ಗಾಜು ನೇರಳಾತೀತ ದೀಪದಡಿಯಲ್ಲಿ ಪ್ರಖರ ಹಸಿರಾಗಿ ಹೊಳೆಯುತ್ತದೆ. ನೋಟುಗಳನ್ನು ಪರೀಕ್ಷಿಸುವ ಸಣ್ಣ ದೀಪವೂ ಇದಕ್ಕೆ ಸಾಕಾಗುತ್ತದೆ. ಈ ಗಾಜು 1830ರ ದಶಕದಿಂದ ಯುರೋಪಿನಲ್ಲಿ ಬಳಕೆಗೆ ಬಂದಿತಾದರೂ ಇಂದಿಗೂ ಅಲ್ಪಪ್ರಮಾಣದಲ್ಲಿ ತಯಾರಾಗುತ್ತಿದೆ. ಮ್ಯಾಂಗನೀಸ್ ಇರುವ ಗಾಜು ಕೂಡ ಮಂದವಾಗಿ ಹಸಿರು ಬೀರಬಹುದು. ಹೊಳಪು ಕಂಡೊಡನೆ ವಿಕ್ಟೋರಿಯಾ ರಾಣಿಯ ಕಾಲದ್ದೆಂದು ಘೋಷಿಸುವುದು ಮಾರಾಟಗಾರರ ರೂಢಿ, ಅದು ಪುರಾವೆಯಲ್ಲ.

ತೂಕ ಮತ್ತು ಸಾಂದ್ರತೆ

ಸಾಮಾನ್ಯ ಸೋಡಾ-ಸುಣ್ಣದ ಗಾಜಿನ ಸಾಂದ್ರತೆ ಸುಮಾರು 2.5. ಶೇಕಡಾ 24ರಷ್ಟು ಸೀಸದ ಆಕ್ಸೈಡ್ ಇರುವ ಸ್ಫಟಿಕಗಾಜಿನದು 2.9ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಪ್ರೌಢಶಾಲೆಯಲ್ಲಿ ಓದಿದ ಆರ್ಕಿಮಿಡೀಸನ ತತ್ತ್ವ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಹೂದಾನಿಯನ್ನು ಗಟ್ಟಿ ದಾರದಿಂದ ತೂಗುಹಾಕಿ ಗಾಳಿಯಲ್ಲಿ ತೂಗಬೇಕು. ಬಳಿಕ ಬಕೆಟ್ಟಿನ ನೀರಿನಲ್ಲಿ ಪೂರ್ಣ ಮುಳುಗಿಸಿ, ಒಳಗೆ ಗಾಳಿಗುಳ್ಳೆ ಉಳಿಯದಂತೆ ಓರೆಮಾಡಿ, ತಳಕ್ಕೆ ತಾಗದಂತೆ ಮತ್ತೆ ತೂಗಬೇಕು. ಗಾಳಿಯಲ್ಲಿ 750 ಗ್ರಾಂ, ನೀರಿನಲ್ಲಿ 450 ಗ್ರಾಂ ಬಂದರೆ ವ್ಯತ್ಯಾಸ 300. 750ನ್ನು 300ರಿಂದ ಭಾಗಿಸಿದರೆ 2.5. ಅಂದರೆ ಅದು ಸೀಸದ ಸ್ಫಟಿಕವಲ್ಲ. ಕಾಗದದ ಚೀಟಿ ಇನ್ನೂ ಅಂಟಿಕೊಂಡಿರುವ ಹೂದಾನಿಗೆ ಈ ಪರೀಕ್ಷೆ ಮಾಡಬಾರದು.

ಗುರುತುಗಳು ಮತ್ತು ಚೀಟಿಗಳು

ಕರಾವಳಿ ಮತ್ತು ಮಲೆನಾಡಿನವರಿಗೆ ಮಂಗಳೂರು ಹಂಚು ಚಿರಪರಿಚಿತ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಉದ್ಯಮದ ಹಂಚನ್ನು ಮಗುಚಿದರೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಗಾಜಿನ ಹೂದಾನಿಯಿಂದ ಇಷ್ಟು ಪ್ರಾಮಾಣಿಕತೆಯನ್ನು ನಿರೀಕ್ಷಿಸುವಂತಿಲ್ಲ. ಹೆಚ್ಚಿನ ಕಾರ್ಖಾನೆಗಳು ಕಾಗದದ ಚೀಟಿಯನ್ನಷ್ಟೇ ಅಂಟಿಸುತ್ತಿದ್ದವು, ಮೊದಲ ಸಲ ತೊಳೆದಾಗಲೇ ಅದು ಹೋಗುತ್ತಿತ್ತು.

ಗುರುತು ಇದ್ದಲ್ಲಿ ಅದನ್ನು ಓದುವ ಕ್ರಮ ಬೇಕು. ದೇಶದ ಹೆಸರೇ ಕೆಲವೊಮ್ಮೆ ಕಾಲವನ್ನು ಹೇಳುತ್ತದೆ. ಚೆಕೊಸ್ಲೊವಾಕಿಯ ಎಂದಿದ್ದರೆ ವಸ್ತು 1918ರಿಂದ 1992ರ ನಡುವಿನದು, ಪಶ್ಚಿಮ ಜರ್ಮನಿ ಎಂದಿದ್ದರೆ 1949ರಿಂದ 1990ರ ನಡುವಿನದು. ಬ್ರಿಟಿಷ್ ಒತ್ತುಗಾಜಿನಲ್ಲಿ ವಜ್ರಾಕಾರದ ನೋಂದಣಿ ಮುದ್ರೆ 1842ರಿಂದ 1883ರವರೆಗಿನದು. 1884ರಿಂದ ಅದರ ಬದಲು ನೋಂದಣಿ ಸಂಖ್ಯೆ ಬಂದಿತು. ಆ ಸಂಖ್ಯೆ ವಿನ್ಯಾಸ ನೋಂದಣಿಯಾದ ವರ್ಷವನ್ನು ತಿಳಿಸುತ್ತದೆ, ಆ ನಿರ್ದಿಷ್ಟ ಹೂದಾನಿ ತಯಾರಾದ ವರ್ಷವನ್ನಲ್ಲ.

ಚಿಹ್ನೆಗಳು ಮೋಸಗೊಳಿಸುವುದೂ ಉಂಟು. ತಳದಲ್ಲಿ ನವಿಲಿನ ತಲೆ ಕಂಡರೆ ಭಾರತೀಯ ನೋಟಕ್ಕೆ ಅದು ನಮ್ಮ ದೇಶದ್ದೆನಿಸುವುದು ಸಹಜ. ವಾಸ್ತವವಾಗಿ ನವಿಲಿನ ತಲೆ ಇಂಗ್ಲೆಂಡಿನ ಗೇಟ್ಸ್‌ಹೆಡ್ ಪಟ್ಟಣದ ಸೋವರ್ಬಿ ಗಾಜಿನ ಕಾರ್ಖಾನೆಯ ಮುದ್ರೆ.

'ಮುರಾನೊ' ಎಂಬ ಚೀಟಿಯ ಬಗೆಗೆ ಪ್ರತ್ಯೇಕ ಎಚ್ಚರ ಅಗತ್ಯ. ವೆನಿಸ್ಸಿನ ಸಮೀಪದ ಈ ದ್ವೀಪಕ್ಕೆ 1291ರಲ್ಲಿ ಗಾಜಿನ ಕುಲುಮೆಗಳು ಸ್ಥಳಾಂತರಗೊಂಡವು. ಅದರ ಹೆಸರು ಎಷ್ಟು ದುರ್ಬಳಕೆಯಾಗಿದೆಯೆಂದರೆ, ಅಲ್ಲಿಯ ಪ್ರಾಂತೀಯ ಸರ್ಕಾರ 1994ರಲ್ಲಿ ಕಾನೂನಿನ ಮೂಲಕ ಅಧಿಕೃತ ಗುರುತನ್ನು ರೂಪಿಸಬೇಕಾಯಿತು. ಹೆಸರಿನ ಚೀಟಿ ಅಂಟಿಸುವುದು ಗಾಜು ಊದುವುದಕ್ಕಿಂತ ಬಹಳ ಸುಲಭ.

ಕೆಲವು ಪ್ರಮುಖ ಮೂಲಗಳು

ವೈಟ್‌ಫ್ರೈಯರ್ಸ್: ಲಂಡನ್ನಿನ ಈ ಗಾಜಿನ ಕಾರ್ಖಾನೆಯನ್ನು ಜೇಮ್ಸ್ ಪೊವೆಲ್ 1834ರಲ್ಲಿ ಕೊಂಡನು. (ಕೊಡಗಿನ ಕೊನೆಯ ಅರಸ ಪದಚ್ಯುತನಾದ ವರ್ಷವೂ ಅದೇ ಎಂಬುದು ಕೇವಲ ಕಾಕತಾಳೀಯ.) 1954ರಲ್ಲಿ ಸಂಸ್ಥೆಯನ್ನು ಸೇರಿದ ವಿನ್ಯಾಸಕಾರ ಜೆಫ್ರಿ ಬ್ಯಾಕ್ಸ್ಟರ್ ಮರದ ತೊಗಟೆ, ಮೊಳೆ, ತಂತಿ, ಇಟ್ಟಿಗೆ ಮುಂತಾದವುಗಳಿಂದ ಅಚ್ಚಿನ ಮಾದರಿಗಳನ್ನು ಮಾಡಿ ಉಬ್ಬುಮೈಯ ಹೂದಾನಿಗಳ ಶ್ರೇಣಿಯನ್ನು ರೂಪಿಸಿದನು. ಅದು 1967ರಲ್ಲಿ ಮಾರುಕಟ್ಟೆಗೆ ಬಂದಿತು. ದಾಲ್ಚಿನ್ನಿ ಕಂದು, ಇಂಡಿಗೊ, ವಿಲೊ ಆರಂಭದ ಬಣ್ಣಗಳು. ಕಿತ್ತಳೆ ಮತ್ತು ಮಿಂಚುಳ್ಳಿ ನೀಲಿ ಬಣ್ಣಗಳು ಆಮೇಲೆ ಸೇರಿದವು. ಕಾರ್ಖಾನೆ 1980ರಲ್ಲಿ ಮುಚ್ಚಿತು.

ಮೂಲನಿರ್ಣಯದ ಪಾಠಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ವಿರಳ. ಈ ಹೂದಾನಿಗಳ ಮೇಲೆ ಶಾಶ್ವತ ಮುದ್ರೆಯಿಲ್ಲ, ಕಾಗದದ ಚೀಟಿ ಮಾತ್ರ ಇತ್ತು. ಆದರೂ ಅವನ್ನು ಬಹಳ ಖಚಿತವಾಗಿ ಗುರುತಿಸಬಹುದು. ಏಕೆಂದರೆ ಕಾರ್ಖಾನೆಯ ಬೆಲೆಪಟ್ಟಿಗಳು ಉಳಿದಿವೆ. ಪ್ರತಿಯೊಂದು ಆಕಾರಕ್ಕೂ ಸಂಖ್ಯೆಯಿದೆ. ಸುಮಾರು 19 ಸೆಂಟಿಮೀಟರ್ ಎತ್ತರದ ಕೊಳವೆಯಾಕಾರದ ತೊಗಟೆ ಹೂದಾನಿಯ ಸಂಖ್ಯೆ 9690. ಆಕಾರ, ಎತ್ತರ, ಬಣ್ಣ ಮೂರೂ ಪಟ್ಟಿಗೆ ಹೊಂದಬೇಕು. ಆ ಕಾರ್ಖಾನೆ ಎಂದೂ ಬಳಸದ ಬಣ್ಣದಲ್ಲಿ ತೊಗಟೆ ಹೂದಾನಿ ಸಿಕ್ಕರೆ ಅದು ಅನುಕೃತಿಯೆಂದೇ ಮೊದಲು ಶಂಕಿಸಬೇಕು. ನಡುವಿನ ಇಟ್ಟಿಗೆ ಪಕ್ಕಕ್ಕೆ ಜಾರಿದಂತೆ ಕಾಣುವ, 'ಡ್ರಂಕನ್ ಬ್ರಿಕ್‌ಲೇಯರ್' (ಅಮಲೇರಿದ ಗಾರೆಯವ) ಎಂಬ ಅಡ್ಡಹೆಸರಿನ ಹೂದಾನಿಗೆ ಬೆಲೆ ಏರಿದ ಬಳಿಕ ಅನುಕೃತಿಗಳು ಬಂದಿವೆ.

ಚೆಕೊಸ್ಲೊವಾಕಿಯದ ಒತ್ತುಗಾಜು: 1965ರಲ್ಲಿ ಅಲ್ಲಿಯ ಒತ್ತುಗಾಜಿನ ಹಲವು ಕಾರ್ಖಾನೆಗಳು ಸ್ಕ್ಲೊ ಯೂನಿಯನ್ ಎಂಬ ಸರ್ಕಾರಿ ಸಂಸ್ಥೆಯ ಅಡಿಯಲ್ಲಿ ಒಂದುಗೂಡಿದವು. ರುಡಾಲ್ಫ್ ಯುರ್ನಿಕ್ಲ್, ಫ್ರಾಂಟಿಶೆಕ್ ವಿಜ್ನರ್, ಅಡಾಲ್ಫ್ ಮಾಟುರಾ ಮೊದಲಾದವರು ಇವಕ್ಕೆ ವಿನ್ಯಾಸ ರಚಿಸಿದರು. ಗೋಲಿಯಂತಹ ಉಬ್ಬುಗಳು, ದಪ್ಪ ಗೋಡೆ, ಗಾಢವಾದ ಕಂದು, ನೀಲಿ, ಹಸಿರು ಬಣ್ಣಗಳು, ನುಣುಪಾದ ಒಳಮೈ ಇವುಗಳಲ್ಲಿ ಸಾಮಾನ್ಯ. ಬೆಲೆ ಕಡಿಮೆಯಿದ್ದು ವಿಪುಲವಾಗಿ ರಫ್ತಾದವು. ಇಂಗ್ಲಿಷ್ ಗಾಜೆಂದು ತಪ್ಪಾಗಿ ಹೆಸರು ಪಡೆಯುವವುಗಳಲ್ಲಿ ಇವೂ ಸೇರಿವೆ.

ಫಿನ್ಲೆಂಡಿನ ಇಟ್ಟಾಲ ಕಾರ್ಖಾನೆಗಾಗಿ ಟಿಮೊ ಸರ್ಪನೇವ 1964ರಲ್ಲಿ ರೂಪಿಸಿದ 'ಫಿನ್ಲಾಂಡಿಯ' ಶ್ರೇಣಿ ಸುಟ್ಟ ಮರದ ಅಚ್ಚಿನಿಂದ ಬಂದದ್ದು. ತೊಗಟೆಯ ಮೈ ಕಂಡೊಡನೆ ಲಂಡನ್ ಎನ್ನಲಾಗದು ಎಂಬುದಕ್ಕೆ ಇದೊಂದು ಸಾಕ್ಷಿ.

ಫಿರೋಜಾಬಾದ್: ಉತ್ತರ ಪ್ರದೇಶದ ಈ ನಗರ ಬಳೆಗಳಿಗೆ ಪ್ರಸಿದ್ಧ. ಇಲ್ಲಿಯ ಜೈನ್ ಗ್ಲಾಸ್ ವರ್ಕ್ಸ್ ತಯಾರಿಸಿದ ಹೂದಾನಿಗಳು 'ಕಾರ್ನಿವಲ್' ಗಾಜಿನ ವರ್ಗಕ್ಕೆ ಸೇರುತ್ತವೆ. ಬಿಸಿ ಗಾಜಿನ ಮೇಲೆ ಲೋಹದ ಲವಣಗಳನ್ನು ಸಿಂಪಡಿಸಿ ಎಣ್ಣೆ ತೇಲಿದ ನೀರಿನಂತಹ ಬಣ್ಣಬಣ್ಣದ ಹೊಳಪನ್ನು ತರುವ ಈ ಶೈಲಿಯನ್ನು ಅಮೆರಿಕದ ಫೆಂಟನ್ ಸಂಸ್ಥೆ 1907ರಲ್ಲಿ ಜನಪ್ರಿಯಗೊಳಿಸಿತು. ಭಾರತೀಯ ಹೂದಾನಿಗಳ ವಿನ್ಯಾಸ ಮಾತ್ರ ಬೇರೆ: ಹೂದಾನಿಯನ್ನು ಹಿಡಿದ ಕೈ, ಮೀನು ಮೊದಲಾದ ರೂಪಗಳು, ಚೆಂಡುಹೂವಿನ ಹಳದಿ-ಕಿತ್ತಳೆ ಹೊಳಪು, ತೆಳುವಾದ ಹಗುರ ಗಾಜು. ಕೆಲವುಗಳಲ್ಲಿ ಜೈನ್ ಎಂಬ ಇಂಗ್ಲಿಷ್ ಅಕ್ಷರಗಳು ಅಚ್ಚಿನಲ್ಲೇ ಮೂಡಿವೆ. ಇವು ವಿದೇಶಗಳಿಗೂ ತಲುಪಿ ಅಲ್ಲಿಯ ಸಂಗ್ರಾಹಕರ ಆಸಕ್ತಿಗೆ ಪಾತ್ರವಾಗಿವೆ. ನಮ್ಮಲ್ಲಿ ಇಂತಹದನ್ನು 'ಫಾರಿನ್ ಮಾಲು' ಎನ್ನುವ ರೂಢಿಯಿರುವುದು ವಿಪರ್ಯಾಸ. ಇದೇ ನಗರದ ಉದ್ಯಮಿ ಛದಾಮಿಲಾಲ್ ಜೈನ್ ಕಟ್ಟಿಸಿದ ಜಿನಾಲಯದ ಬೃಹತ್ ಬಾಹುಬಲಿ ವಿಗ್ರಹವನ್ನು ಕೆತ್ತಿದವರು ಕಾರ್ಕಳದ ಶಿಲ್ಪಿ ರೆಂಜಾಳ ಗೋಪಾಲ ಶೆಣೈ. ಕರ್ನಾಟಕದ ಕಲ್ಲಿನ ಕೆಲಸ ಅಲ್ಲಿಗೆ ಹೋದಂತೆ ಅಲ್ಲಿಯ ಗಾಜಿನ ಕೆಲಸ ಇಲ್ಲಿಗೆ ಬಂದಿರುವುದು ಅಚ್ಚರಿಯಲ್ಲ.

ಸವೆತ ಮತ್ತು ಹವೆಯ ಪ್ರಭಾವ

ದಶಕಗಳ ಕಾಲ ಮೇಜಿನ ಮೇಲೆ ಎತ್ತಿಟ್ಟ ಹೂದಾನಿಯ ತಳದ ಅಂಚಿನಲ್ಲಿ ಸೂಕ್ಷ್ಮ ಗೀರುಗಳು ಅಡ್ಡಾದಿಡ್ಡಿಯಾಗಿ ಮೂಡಿರುತ್ತವೆ. ನೆಲಕ್ಕೆ ತಾಗುವ ಭಾಗದಲ್ಲಿ ಮಾತ್ರ ಇರುವುದು ಸಹಜ ಸವೆತ. ಒಂದೇ ದಿಕ್ಕಿನಲ್ಲಿ ಸಮನಾಗಿದ್ದರೆ ಮರಳುಕಾಗದದಿಂದ ಉಜ್ಜಿರುವ ಸಾಧ್ಯತೆಯಿದೆ. ಭೂಕುಸಿತದ ಕೆಸರಿನಿಂದ ತೆಗೆದ ಗಾಜಿನಲ್ಲಿ ಗೀರುಗಳು ಎಲ್ಲೆಡೆ ಇರುತ್ತವೆ. ಅಂತಹ ವಸ್ತುವಿನ ವಯಸ್ಸನ್ನು ಸವೆತದಿಂದ ಅಳೆಯಲಾಗದು.

ಕೊಡಗಿನ ಮಳೆಗಾಲ ಇನ್ನೊಂದು ತೊಡಕು. ಕ್ಷಾರ ಹೆಚ್ಚಾಗಿ ಸುಣ್ಣ ಕಡಿಮೆಯಾದ ಗಾಜು ತಿಂಗಳುಗಟ್ಟಲೆ ತೇವದಲ್ಲಿದ್ದರೆ ಬೆವರಿದಂತೆ ಜಿಗುಟಾಗಿ, ಕ್ರಮೇಣ ಬಿಳುಪು ಕವಿಯುತ್ತದೆ. ಇದು ಗಾಜಿನ ರಾಸಾಯನಿಕ ದೌರ್ಬಲ್ಯದ ಫಲ. ಹೂವಿನ ನೀರಿನಿಂದ ಒಳಗೆ ಕಟ್ಟಿದ ಸುಣ್ಣದ ಪದರವೂ ಮಸುಕಾಗಿ ಕಾಣುತ್ತದೆ. ಎರಡನ್ನೂ ಪ್ರಾಚೀನತೆಯ ಲಕ್ಷಣವೆಂದು ಭಾವಿಸಬಾರದು.

ದಾಖಲಿಸುವ ಕ್ರಮ

ಹೂದಾನಿಯ ಪೂರ್ಣ ನೋಟ, ತಳ, ಬಾಯಿ, ಅಚ್ಚುಗೆರೆ ಇವುಗಳ ಛಾಯಾಚಿತ್ರವನ್ನು ಹಗಲಿನ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯುವುದು ವಾಡಿಕೆ. ಎತ್ತರ, ಬಾಯಿಯ ವ್ಯಾಸ, ತೂಕಗಳನ್ನು ಬರೆದಿಡಬೇಕು. ಮನೆಯ ಹಿರಿಯರು ಹೇಳಿದುದನ್ನು, ಹೇಳಿದವರ ಹೆಸರು ಮತ್ತು ದಿನಾಂಕದೊಂದಿಗೆ, ಬೇರೆಯಾಗಿ ಬರೆಯುವುದು ಒಳಿತು. ಕೇಳಿದ್ದು ಮತ್ತು ಕಂಡದ್ದು ಒಂದೇ ವಾಕ್ಯದಲ್ಲಿ ಸೇರಿದರೆ ಮುಂದೆ ಬಿಡಿಸುವುದು ಕಷ್ಟ.

ನಿರ್ಣಯದ ಪದಗಳಲ್ಲೂ ಅಂತರವಿದೆ. ಕಾರ್ಖಾನೆಯ ಪಟ್ಟಿಗೆ ಅಚ್ಚು, ಅಳತೆ, ಬಣ್ಣಗಳೆಲ್ಲ ಹೊಂದಿದಾಗ ಇಂಥವರ 'ತಯಾರಿಕೆ' ಎನ್ನಬಹುದು. ಒಂದೆರಡು ಅಂಶ ಹೊಂದದಿದ್ದರೆ 'ಇರಬಹುದು' ಎಂದೇ ಬರೆಯಬೇಕು. ನೋಟ ಮಾತ್ರ ಹೋಲುತ್ತಿದ್ದರೆ ಇಂಥವರ 'ಶೈಲಿಯಲ್ಲಿದೆ' ಎನ್ನುವುದಷ್ಟೇ ಸರಿ. ಮಾರಾಟದ ಜಾಹೀರಾತುಗಳಲ್ಲಿ ಈ ಮೂರನೆಯ ವರ್ಗ ಸಲೀಸಾಗಿ ಮೊದಲನೆಯದಾಗಿ ಬಡ್ತಿ ಪಡೆಯುತ್ತದೆ. 'ತಯಾರಕರು ಅಜ್ಞಾತ, ಒತ್ತುಗಾಜು, 20ನೆಯ ಶತಮಾನದ ಉತ್ತರಾರ್ಧ' ಎಂಬುದು ಕೂಡ ಸಂಪೂರ್ಣವಾದ ಮತ್ತು ಗೌರವಾನ್ವಿತ ನಿರ್ಣಯವೇ.

ಖಚಿತ ರಾಸಾಯನಿಕ ಸಂಯೋಜನೆ ಬೇಕಾದಾಗ ಕ್ಷ-ಕಿರಣ ಪ್ರತಿದೀಪ್ತಿ ವಿಶ್ಲೇಷಣೆಯನ್ನು ಬಳಸುತ್ತಾರೆ. ಇದಕ್ಕಾಗಿ ಗಾಜನ್ನು ಒಡೆಯಬೇಕಿಲ್ಲ. ಒಡೆದ ಹೂದಾನಿಯ ಚೂರುಗಳನ್ನೂ ಎಸೆಯದೆ ಇಟ್ಟುಕೊಳ್ಳುವುದು ಉಪಯುಕ್ತ, ಏಕೆಂದರೆ ಬಣ್ಣದ ಪದರ ಮತ್ತು ಅದರ ಮೇಲಿನ ನಿರ್ವರ್ಣ ಗಾಜಿನ ಪದರ ಸ್ಪಷ್ಟವಾಗಿ ಕಾಣುವುದು ಒಡೆದ ಅಂಚಿನಲ್ಲಿ.